ತಾನೇ ಹೊಲಿದ ಗುಂಡಿ

ಆ ಬೀದಿಯಲ್ಲಿ ದರ್ಜಿ ಅಳತೆ ತೆಗೆಯದ ಕುತ್ತಿಗೆ ಇರಲಿಲ್ಲ. ಎದುರಿಗೆ ನಡೆದು ಹೋಗುವವನನ್ನು ಒಮ್ಮೆ ಕಣ್ಣು ಕಿರಿದು ಮಾಡಿ ನೋಡಿದರೆ ಸಾಕು, ಎದೆ ಇಷ್ಟು, ಸೊಂಟ ಇಷ್ಟು, ಹೋದ ವರ್ಷಕ್ಕಿಂತ ಹೊಟ್ಟೆ ಎರಡಿಂಚು ಮುಂದೆ ಎಂದು ಹೇಳಿಬಿಡುತ್ತಿದ್ದ. (ಹೇಳಬಾರದವರಿಗೂ ಹೇಳುತ್ತಿದ್ದ, ಅದು ಬೇರೆ ಮಾತು.) ಇಂಥ ಮಹಾ ಅಳತೆಗಾರನಿಗೂ ಅಳತೆಗೆ ಸಿಗದ ಪ್ರಾಣಿ ಈ ಭೂಮಂಡಲದಲ್ಲಿ ಒಂದಿತ್ತು. ಅದು ಅವನ ಮನೆಯಲ್ಲೇ ಇತ್ತು, ಅವನನ್ನು ಅಪ್ಪ ಎಂದು ಕರೆಯುತ್ತಿತ್ತು, ಅದಕ್ಕೆ ಹದಿನಾಲ್ಕು ವರ್ಷ.

ಮಗಳನ್ನು ಮನೆಯಲ್ಲಿ ಸೂಜಿ ಎನ್ನುತ್ತಿದ್ದರು. ಹುಟ್ಟಿದಾಗ ಸಣ್ಣಗಿದ್ದಳೆಂದು ಬಂದ ಅಡ್ಡಹೆಸರು. ಹದಿಮೂರು ತುಂಬಿದ ಮೇಲೆ ಚುಚ್ಚುವುದನ್ನೂ ಕಲಿತು ಹೆಸರನ್ನು ಸಾರ್ಥಕ ಮಾಡಿಕೊಂಡಳು. ಮೊದಲೆಲ್ಲ ಮನೆಯ ಮುಂಭಾಗದಲ್ಲೇ ಇದ್ದ ಅಂಗಡಿಗೆ ಬಂದು ಚೂರು ಬಟ್ಟೆ ಆಯ್ದು ಗೊಂಬೆಗೆ ಅಂಗಿ ಹೊಲಿಯುತ್ತಿದ್ದ ಹುಡುಗಿ, ಈಗ ತನ್ನ ಕೋಣೆಯ ಬಾಗಿಲನ್ನು ಢಬ್ ಎಂದು ಹಾಕಿಕೊಂಡರೆ ಗೋಡೆ ಗಡಿಯಾರ ಗಾಬರಿಯಾಗಿ ಐದು ನಿಮಿಷ ನಿಂತುಬಿಡುತ್ತಿತ್ತು. ಏಳಮ್ಮ ಎಂದರೆ "ಆಮೇಲೆ". ಓದಮ್ಮ ಎಂದರೆ "ಆಮೇಲೆ". ಹಾಸಿಗೆ ಮೇಲಿಂದ ಆ ಒದ್ದೆ ಟವೆಲ್ ತೆಗೆಯಮ್ಮ ಎಂದರೆ, ತಲೆಯನ್ನೂ ಎತ್ತದೆ, "ಆಮೇಲೆ ಅಪ್ಪಾ!"

"ಈ 'ಆಮೇಲೆ' ಎಲ್ಲಿಂದ ಬಂತೇ ಇವಳಿಗೆ? ನಮ್ಮ ವಂಶದಲ್ಲೇ ಇರಲಿಲ್ಲವಲ್ಲ!" ಎಂದು ದರ್ಜಿ ಒಂದು ಮಧ್ಯಾಹ್ನ ಹೆಂಡತಿಯ ಮುಂದೆ ಗೋಳಾಡಿದ.

ಹೆಂಡತಿ ಬಸ್ ಕಂಡಕ್ಟರ್. ಬೆಳಗಿನ ಪಾಳಿ ಮುಗಿಸಿ ಊಟದ ಹೊತ್ತಿಗೆ ಮನೆ ಸೇರುವಳು. ಕೊರಳಲ್ಲಿ ಸೀಟಿ ಹಾಗೇ ಇರುತ್ತಿತ್ತು, ಗಂಟಲಲ್ಲಿ ಬಸ್ಸೂ ಹಾಗೇ ಇರುತ್ತಿತ್ತು. ಬೂಟು ಬಿಚ್ಚುತ್ತ ಅವಳೆಂದಳು: "ನೂಲಿನಂತೆ ಸೀರೆ ಅಂತಾರೆ. ಈ ಸೀರೆಗೆ ನೂಲು ಕೊಟ್ಟೋರು ಯಾರು ಅಂತ ಬೀದೀಲಿ ಯಾರನ್ನಾದ್ರೂ ಕೇಳಿ ನೋಡಿ. ನಿಮ್ಮ 'ನಾಳೆ' ಹೆತ್ತ ಮಗು ರೀ ಅವಳ 'ಆಮೇಲೆ'!"

ಇಲ್ಲಿ ಒಂದು ಸಣ್ಣ ವಿವರಣೆ ಬೇಕು. ನಮ್ಮ ದರ್ಜಿಯ ಕೈಕೆಲಸದಲ್ಲಿ ಕುಂದು ಹುಡುಕುವವನು ಇನ್ನೂ ಹುಟ್ಟಬೇಕಷ್ಟೆ. ಕಾಲರ್ ಕೂರಿಸಿದನೆಂದರೆ ಅದು ಕುತ್ತಿಗೆಯ ಜೊತೆಗೇ ಹುಟ್ಟಿ ಬಂದಂತೆ ಕೂರುತ್ತಿತ್ತು. ಆದರೆ ಅವನ ಅಂಗಡಿಯ ಕ್ಯಾಲೆಂಡರಿನಲ್ಲಿದ್ದದ್ದು ಒಂದೇ ದಿನ: ನಾಳೆ. "ನನ್ನ ಪ್ಯಾಂಟು ಆಯ್ತಾ?" "ನಾಳೆ ಬಾರಪ್ಪಾ." "ನಿನ್ನೇನೂ ನಾಳೆ ಅಂದ್ರಲ್ಲ?" "ಆ ನಾಳೇನೇ ಇನ್ನೂ ಬಂದಿಲ್ಲವಲ್ಲಪ್ಪಾ!" ಹೀಗೆ ಹೇಳಿ, ಅರ್ಧ ಹೊಲಿದದ್ದನ್ನು ಮೆಷಿನ್ನಿನ ಮೇಲೆಯೇ ಬಿಟ್ಟು, ಪಕ್ಕದ ಕಟಿಂಗ್ ಶಾಪಿಗೆ ಹೋಗಿ ಕ್ಷೌರಿಕನ ಜೊತೆ ಲೋಕದ ಆಗುಹೋಗುಗಳನ್ನು ವಿಚಾರಿಸುತ್ತಿದ್ದ. ಒಬ್ಬ ಗಿರಾಕಿಯಂತೂ ಮದುವೆಗೆಂದು ಹೊಲಿಸಲು ಹಾಕಿದ ಕೋಟನ್ನು ಮೊದಲನೇ ಮಗುವನ್ನು ಎತ್ತಿಕೊಂಡು ಬಂದು ಬಿಡಿಸಿಕೊಂಡು ಹೋದ. ಬೀದಿಯ ಜನ ಎಲ್ಲ ಸೇರಿ ನಮ್ಮ ದರ್ಜಿಗೆ 'ನಾಳೆಯಪ್ಪ' ಎಂಬ ಬಿರುದನ್ನು ದಯಪಾಲಿಸಿದ್ದರು.

ಬಿರುದು ಅಪ್ಪನದು, ಭಾರ ಮಗಳದು. ಶಾಲೆಯ ಹಾಡಿನ ತಂಡದಲ್ಲಿ ಇಪ್ಪತ್ತನಾಲ್ಕು ಹುಡುಗಿಯರು. ಸ್ಪರ್ಧೆಗೆ ಎಲ್ಲರಿಗೂ ನೀಲಿ ಕೋಟು ಆಗಬೇಕಿತ್ತು. ಯಾರ ಹತ್ತಿರ ಹೊಲಿಸುವುದೆಂಬ ಮಾತು ಬಂದಾಗ ಸೂಜಿ ಎದ್ದು ನಿಂತು, "ನಮ್ಮಪ್ಪ ಹೊಲಿದುಕೊಡ್ತಾರೆ" ಎಂದಳು. ಕ್ಲಾಸಿಗೆ ಕ್ಲಾಸೇ ನಕ್ಕಿತು. "ಯಾವ ವರ್ಷದ ಸ್ಪರ್ಧೆಗೆ?" ಎಂದು ಹಿಂದಿನ ಬೆಂಚಿನಿಂದ ಯಾರೋ ಕೇಳಿದರು. ಸೂಜಿಯ ಕಿವಿ ಕೆಂಪಗಾಯಿತು. "ಸ್ಪರ್ಧೆ ಹಿಂದಿನ ದಿನ, ಶುಕ್ರವಾರ ಸಂಜೆ ಐದಕ್ಕೆ, ಇಪ್ಪತ್ತನಾಲ್ಕು ಕೋಟೂ ಇಲ್ಲಿರುತ್ತೆ. ಇರದಿದ್ರೆ ನಾನು ತಂಡ ಬಿಟ್ಟುಬಿಡ್ತೀನಿ" ಎಂದು ಎಲ್ಲರ ಮುಂದೆ ಮಾತು ಕೊಟ್ಟು ಬಂದಳು.

ಸುದ್ದಿ ಕೇಳಿ ದರ್ಜಿ ಹಿಗ್ಗಿ ಹೀರೇಕಾಯಿಯಾದ. "ಇನ್ನೂ ಹದಿನೈದು ದಿನ ಇದೆಯಾ? ಹಾಗಿದ್ರೆ ಲೀಲಾಜಾಲ! ನಾಳೆ ಶುರು ಮಾಡ್ತೀನಿ."

ಬಾಗಿಲು ಢಬ್ ಎಂದಿತು. ಗಡಿಯಾರ ನಿಂತಿತು.

ಇದಾದ ಮೂರನೇ ದಿನ ಶಾಲೆಯಲ್ಲಿ ಹೆತ್ತವರ ಸಭೆ. ಮಕ್ಕಳ ಮನಸ್ಸು ನೋಡಿಕೊಳ್ಳಲೆಂದೇ ಅಲ್ಲಿಗೆ ಹೊಸದಾಗಿ ಒಬ್ಬರು ಟೀಚರ್ ಬಂದಿದ್ದರು. (ಮಕ್ಕಳು ಅವರನ್ನು ಮನಸ್ಸಿನ ಟೀಚರ್ ಎಂದೇ ಕರೆಯುತ್ತಿದ್ದರು.) ಹದಿಹರೆಯದ ಮಕ್ಕಳ ಜೊತೆ ಬಾಳುವುದು ಹೇಗೆ ಎಂದು ಅವರು ಮುಕ್ಕಾಲು ಗಂಟೆ ಹೇಳಿದರು. ಕೋಪ ಬಂದರೆ ಬಾಯಿ ತೆಗೆಯುವ ಮೊದಲು ಹತ್ತು ಎಣಿಸಿ. ಮಗು ಒಳ್ಳೆಯದು ಮಾಡಿದಾಗ, ಎಷ್ಟೇ ಸಣ್ಣದಿರಲಿ, ಆಗಿಂದಾಗಲೇ ಮೆಚ್ಚಿಕೊಳ್ಳಿ. ಏನಾದರೂ ತೊಡಕು ಬಂದರೆ ನೀವೇ ಬಿಡಿಸಲು ಹೋಗಬೇಡಿ, ಸಮಸ್ಯೆ ಏನು, ದಾರಿ ಎಷ್ಟಿವೆ, ಯಾವುದು ಮೊದಲು ಎಂದು ಅವರನ್ನೇ ಕೇಳಿ. ದರ್ಜಿ ಇದಿಷ್ಟನ್ನೂ ತನ್ನ ಅಳತೆ ಪುಸ್ತಕದಲ್ಲಿ ಬರೆದುಕೊಂಡ. ಹೀಗಾಗಿ ಆ ಪುಟದಲ್ಲಿ ಯಾರದೋ ಸೊಂಟ ಮೂವತ್ತಾರು, ತೋಳು ಇಪ್ಪತ್ತಮೂರು, ಕೋಪ ಹತ್ತು ಎಂದಾಯಿತು.

"ಇದನ್ನೇ ಬೆಳಿಗ್ಗೆ ಮಕ್ಕಳಿಗೂ ಹೇಳಿದೀನಿ. ಅವರಿಗೊಂದು ಕೆಲಸಾನೂ ಕೊಟ್ಟಿದೀನಿ" ಎಂದು ಟೀಚರ್ ಕೊನೆಗೆ ಏನೋ ಸೇರಿಸಿದರು. ಅದು ದರ್ಜಿಯ ಕಿವಿಗೆ ಬೀಳಲಿಲ್ಲ. ಟೀಚರ ಕಾಲರಿನ ಎಡ ಮೂಲೆ ಬಲ ಮೂಲೆಗಿಂತ ಕಾಲಿಂಚು ಮೇಲಿದ್ದದ್ದು ಆಗ ತಾನೇ ಅವನ ಕಣ್ಣಿಗೆ ಬಿದ್ದಿತ್ತು. ಆ ಕಾಲಿಂಚು ನೋಡುತ್ತ ನಮ್ಮ ದರ್ಜಿ ಜೀವನದ ಅತಿಮುಖ್ಯ ವಾಕ್ಯವನ್ನು ಕಳೆದುಕೊಂಡ.

ದಾರಿಯಲ್ಲಿ ಬರುತ್ತಲೇ ಅವನ ತಲೆಯಲ್ಲಿ ಮಹಾಯೋಜನೆಯೊಂದು ಮೊಳೆಯಿತು. ಮನೆಗೆ ಬಂದವನೇ ಅಟ್ಟದಿಂದ ಒಂದು ಗಾಜಿನ ಭರಣಿ ಇಳಿಸಿದ. ಹೊಟ್ಟೆ ಡೊಳ್ಳು, ಬಾಯಿ ಸಣ್ಣ. ಬಟ್ಟೆ ಸುತ್ತಿ ಬರುವ ರಟ್ಟಿನ ಮೇಲೆ ನೀಲಿ ಸೀಮೆಸುಣ್ಣದಲ್ಲಿ ರಾಜಶಾಸನ ಬರೆದ:

"ಒಂದು ಒಳ್ಳೆ ಕೆಲಸಕ್ಕೆ ಒಂದು ಗುಂಡಿ. ಮೂವತ್ತು ಗುಂಡಿಗೆ ಒಂದು ಆಸೆ, ಏನು ಕೇಳಿದರೂ ಈಡೇರಿಸಲಾಗುವುದು. ಒಮ್ಮೆ ಕೊಟ್ಟ ಗುಂಡಿಯನ್ನು ಯಾವ ಕಾರಣಕ್ಕೂ ಹಿಂದಕ್ಕೆ ಪಡೆಯತಕ್ಕದ್ದಲ್ಲ."

ಕೊನೆಯ ವಾಕ್ಯ ಯಾರೂ ಕೇಳಿರಲಿಲ್ಲ. ಬರೆಯುವ ಹುರುಪಿನಲ್ಲಿ ತಾನಾಗಿಯೇ ಬಂತು. ಕೆಳಗೆ ಸಹಿಯನ್ನೂ ಹಾಕಿದ.

ಹೆಂಡತಿ ಓದಿ, ಬಾಯಿಗೆ ಸೆರಗಿನ ಬದಲು ಸೀಟಿ ಅಡ್ಡ ಹಿಡಿದು ನಕ್ಕಳು. "ಇದೇನ್ರೀ, ಮಗಳಿಗೆ ಗುಂಡಿ ತೋಡ್ತಿದೀರಾ? ನೋಡ್ಕೊಂಡು ನಡೀರಿ, ಕತ್ತಲಲ್ಲಿ ನೀವೇ ಬಿದ್ದೀರಿ!"

"ನೀನು ಸುಮ್ನಿರು. ಇದು ವಿಜ್ಞಾನ."

"ಬಟ್ಟೆ ಗುಂಡಿನೋ, ನೆಲದ ಗುಂಡಿನೋ, ಬಿದ್ದಾಗ ಗೊತ್ತಾಗುತ್ತೆ ಬಿಡಿ" ಎಂದು ಅವಳು ಒಳಗೆ ಹೋದಳು.

ದರ್ಜಿ ಕಾದಿದ್ದು ಮಗಳ ಜಗಳಕ್ಕೆ. ನಾನೇನು ಪುಟ್ಟ ಮಗುವಾ ಎಂದು ಹಾರಾಡುತ್ತಾಳೆ ಎಂದುಕೊಂಡಿದ್ದ. ಸೂಜಿ ರಟ್ಟನ್ನು ಎರಡು ಸಲ ಓದಿದಳು. ಅಪ್ಪನ ಮುಖವನ್ನೊಮ್ಮೆ ನೋಡಿದಳು. "ಏನು ಕೇಳಿದ್ರೂ ಅಂತ ಬರೆದಿದೀಯ. ಮಾತು ಅಂದ್ರೆ ಮಾತು ತಾನೇ?"

"ಮಾತು ಅಂದ್ರೆ ಮಾತು."

"ಸರಿ ಅಪ್ಪ. ನನಗೆ ಒಪ್ಪಿಗೆ" ಎಂದು ಹೋಗಿ, ಹಾಸಿಗೆಯ ಮೇಲಿದ್ದ ಒದ್ದೆ ಟವೆಲನ್ನು ತೆಗೆದು ಹಗ್ಗದ ಮೇಲೆ ಹಾಕಿದಳು.

ದರ್ಜಿಗೆ ಕಣ್ಣು ಕತ್ತಲೆ ಬಂದಂತಾಯಿತು. ವಿಜ್ಞಾನ ಇಷ್ಟು ಬೇಗ ಕೆಲಸ ಮಾಡುತ್ತದೆಂದು ಅವನಿಗೆ ಗೊತ್ತಿರಲಿಲ್ಲ. "ಶಭಾಷ್!" ಎಂದು ಕೂಗಿ, ಕೈಗೆ ಸಿಕ್ಕ ಹೊಸ ನೀಲಿ ಗುಂಡಿಯ ಡಬ್ಬಿಯಿಂದ ಒಂದನ್ನು ತೆಗೆದು ಭರಣಿಗೆ ಹಾಕಿದ. ಟಿಣ್ ಎಂದಿತು. ಆ ಸದ್ದಿಗೆ ಅವನ ಹೃದಯ ತುಂಬಿ ಬಂತು.

ಮುಂದಿನ ದಿನಗಳಲ್ಲಿ ದರ್ಜಿಯ ಶಭಾಷ್‌ಗಿರಿ ಮಿತಿ ಮೀರಿತು. ಮಗಳು ಕರೆದ ಕೂಡಲೇ ಎದ್ದರೆ ಶಭಾಷ್. ತಟ್ಟೆ ತೊಳೆದರೆ ಶಭಾಷ್. ಒಮ್ಮೆ ಅವಳು ಸೀನಿ, ಕೈ ಅಡ್ಡ ಹಿಡಿದಳೆಂದು ಎರಡು ಗುಂಡಿ ಕೊಟ್ಟ. ಅಭ್ಯಾಸಬಲದಿಂದ ಗಿರಾಕಿಯೊಬ್ಬನಿಗೂ ಅಳತೆ ಕೊಡುವಾಗ ಅಲುಗಾಡದೆ ನಿಂತದ್ದಕ್ಕೆ ಬೆನ್ನು ತಟ್ಟಿ ಶಭಾಷ್ ಎಂದ. ಆ ಮನುಷ್ಯ ಊರಿನ ನ್ಯಾಯಾಧೀಶ. ಬಾಗಿಲವರೆಗೂ ಹಿಂದೆ ತಿರುಗಿ ನೋಡುತ್ತಲೇ ಹೋದ.

ಇನ್ನೊಂದು ವಿಶೇಷವೂ ನಡೆಯಿತು. ಸೂಜಿ ಶಾಲೆ ಬಿಟ್ಟ ಮೇಲೆ ಕೋಣೆ ಸೇರುವ ಬದಲು ಅಂಗಡಿಗೆ ಬರತೊಡಗಿದಳು. ಜೊತೆಗೆ ಹಾಡಿನ ತಂಡದ ಮೂವರು ಗೆಳತಿಯರು. ಬಟ್ಟೆ ಕತ್ತರಿಸುವ ಮೇಜಿನ ತುದಿಯಲ್ಲಿ ಪುಸ್ತಕ ಹರಡಿಕೊಂಡು ಓದುತ್ತಿದ್ದರು. ದರ್ಜಿ ಮೆಷಿನ್ನಿಗೆ ಕೂತರೆ ನಾಲ್ಕೂ ತಲೆಗಳು ಮೇಲೇಳುತ್ತಿದ್ದವು.

"ಅಂಕಲ್, ಈ ಕಾಲರ್ ಹೇಗೆ ಇಷ್ಟು ನೀಟಾಗಿ ಬಂತು?"

"ನಮ್ಮ ಮನೇಲಿ ತೋರಿಸಬೇಕು ಅಂಕಲ್, ಈ ಕಾಜಾನ. ಯಂತ್ರ ಮಾಡಿದ ಹಾಗಿದೆ!"

ಗುಂಡಿ ತೂರಿಸುವ ತೂತನ್ನು, ಅಂದರೆ ಕಾಜಾವನ್ನು, ಹೊಗಳಿದ ಮನುಷ್ಯರನ್ನು ದರ್ಜಿ ತನ್ನ ಇಪ್ಪತ್ತೈದು ವರ್ಷದ ಸೇವೆಯಲ್ಲಿ ಕಂಡಿರಲಿಲ್ಲ. ಇನ್ನೊಂದು ಕೋಟು ಎತ್ತಿಕೊಂಡ. ಅದು ಮುಗಿಯುವಷ್ಟರಲ್ಲಿ ಸೂಜಿ ಬಿಸಿಬಿಸಿ ಚಹಾ ತಂದು ಮೆಷಿನ್ನಿನ ಪಕ್ಕ ಇಟ್ಟಳು. ಆದರೆ ಅವನು ಕ್ಷೌರಿಕನ ಅಂಗಡಿಗೆಂದು ಎದ್ದರೆ ಮಾತ್ರ ಒಂದು ತಲೆಯೂ ಮೇಲೇಳುತ್ತಿರಲಿಲ್ಲ. ಮೆಚ್ಚುಗೆಯೂ ಇಲ್ಲ, ಚಹಾವೂ ಇಲ್ಲ. ಹೊಸಿಲು ದಾಟಿದವನಿಗೆ ಏನೋ ಕಳೆದುಕೊಂಡಂತಾಗಿ ಹಾಗೇ ವಾಪಸು ಬಂದು ಕೂರುತ್ತಿದ್ದ. ಗಿರಾಕಿ ಬಂದು "ಯಾವಾಗ ಕೊಡ್ತೀರಿ?" ಎಂದರೆ, ಅವನ ನಾಲಿಗೆ "ನಾ" ಎಂದು ಮಡಿಚುವಷ್ಟರಲ್ಲಿ ಸೂಜಿ ಪುಸ್ತಕದಿಂದ ಕಣ್ಣೆತ್ತದೆ ಸಣ್ಣಗೆ ಕೆಮ್ಮುತ್ತಿದ್ದಳು.

"ನಾ... ನಾನು ಮಂಗಳವಾರ ಸಂಜೆ ಕೊಡ್ತೀನಿ" ಎನ್ನುತ್ತಿದ್ದ ದರ್ಜಿ. ಹೇಳಿದ ಮೇಲೆ ತನಗೇ ಆಶ್ಚರ್ಯವಾಗುತ್ತಿತ್ತು. ಮಂಗಳವಾರ ಕೊಟ್ಟಾಗ ಗಿರಾಕಿಗೆ ಇನ್ನೂ ಹೆಚ್ಚು ಆಶ್ಚರ್ಯವಾಗುತ್ತಿತ್ತು.

"ಏನಯ್ಯ, ಈಚೆಗೆ ಇತ್ತ ಕಡೆ ಕಾಲೇ ಇಡ್ತಿಲ್ಲ?" ಎಂದು ಕ್ಷೌರಿಕ ಅಡ್ಡಗೋಡೆಯ ಮೇಲಿಂದ ಕೇಳಿದ.

"ಬಿಡುವೆಲ್ಲಿದೆ ಮಾರಾಯ! ಮಗಳನ್ನ ತಿದ್ದೋ ಕೆಲಸ ಹಿಡಿದಿದೀನಿ. ಮಕ್ಕಳನ್ನ ಪಳಗಿಸೋದು ಒಂದು ಕಲೆ ಕಣಯ್ಯ. ಅವರಿಗೆ ಗೊತ್ತಾಗದ ಹಾಗೆ ಮಾಡಬೇಕು. ಅದೇ ಅದರ ಗುಟ್ಟು" ಎಂದು ದರ್ಜಿ ಬಾಯಿಯಲ್ಲಿದ್ದ ದಾರವನ್ನು ಪಟಕ್ಕನೆ ಹಲ್ಲಿನಿಂದ ಕಡಿದ.

(ಕೊರಳಿಗೆ ಕತ್ತರಿ ನೇತುಹಾಕಿಕೊಂಡಿದ್ದರೂ ದಾರವನ್ನು ಹಲ್ಲಿನಲ್ಲೇ ಕಡಿಯುವುದು ಅವನ ಇನ್ನೊಂದು ಚಟ. ಮುಂದಿನ ಹಲ್ಲಿನಲ್ಲಿ ಅದಕ್ಕೆಂದೇ ಒಂದು ಕಚ್ಚು ಬಿದ್ದಿತ್ತು. ಹೆಂಡತಿ ಹೇಳಿ ಹೇಳಿ ಸೋತು ಸುಮ್ಮನಾಗಿದ್ದಳು.)

ಗುರುವಾರ ಭರಣಿಯಲ್ಲಿ ಮೂವತ್ತನೇ ಗುಂಡಿ ಬಿತ್ತು. "ಕೇಳಮ್ಮ ನಿನ್ನ ಆಸೆ!" ಎಂದ ದರ್ಜಿ ಚಕ್ರವರ್ತಿಯ ಠೀವಿಯಲ್ಲಿ.

"ಆಮೇಲೆ" ಎಂದು ಸೂಜಿ ನಕ್ಕಳು.

ಶುಕ್ರವಾರ ಮಧ್ಯಾಹ್ನ. ಇಪ್ಪತ್ತನಾಲ್ಕು ಕೋಟುಗಳೂ ಹೊಲಿದು, ಇಸ್ತ್ರಿಯಾಗಿ, ಸಾಲಾಗಿ ನೇತಾಡುತ್ತಿದ್ದವು. ದರ್ಜಿ ತನ್ನ ಬದುಕಿನಲ್ಲೇ ಇಂಥ ದೃಶ್ಯ ಕಂಡಿರಲಿಲ್ಲ. ಹತ್ತೊಂಬತ್ತಕ್ಕೆ ಗುಂಡಿ ಹಾಕಿಯಾಗಿತ್ತು. ಇನ್ನು ಐದು ಕೋಟು, ಕೋಟಿಗೆ ಆರು ಗುಂಡಿ. ಹಾಡು ಗುನುಗುತ್ತ ಡಬ್ಬಿಗೆ ಕೈ ಹಾಕಿದ. ಬೆರಳಿಗೆ ಡಬ್ಬಿಯ ತಳ ಸಿಕ್ಕಿತು. ಡಬ್ಬಿ ಅಲ್ಲಾಡಿಸಿದ, ಬೋರಲು ಹಾಕಿದ, ಮೇಜಿನ ಕೆಳಗೆ ತೆವಳಿ ನೋಡಿದ. ಐದಾರಲೆ ಮೂವತ್ತು. ಮೂವತ್ತು! ಸರಿಯಾಗಿ ಮೂವತ್ತು ನೀಲಿ ಗುಂಡಿಗಳು ಎಲ್ಲಿವೆ ಎಂದು ಹೊಳೆದಾಗ ಅವನ ಗುಂಡಿಗೆಯೇ ನಿಂತಂತಾಯಿತು.

ಓಡಿದ. ಗುಂಡಿ ಮಾರುವ ಅಂಗಡಿಯವನು ಹಲ್ಲು ಕಡ್ಡಿ ಆಡಿಸುತ್ತ, "ಆ ನೀಲಿ ಖಾಲಿ. ಮಾಲು ಬರಬೇಕು. ನಾಳೆ ಬನ್ನಿ" ಎಂದ.

"ನಾಳೆನಾ? ನಾಳೆ ಅಂದ್ರೆ ಏನ್ರೀ ಅರ್ಥ?" ದರ್ಜಿ ಕೆಂಡವಾದ. "ಇವತ್ತು ಬೇಕು ಅಂದೋನಿಗೆ ನಾಳೆ ಅಂತೀರಲ್ಲ, ನಿಮಗೆ ಮನುಷ್ಯತ್ವ ಇದೆಯಾ? ಒಬ್ಬರ ಮಾನ ಮರ್ಯಾದೆ ಪ್ರಶ್ನೆ ಇದರಲ್ಲಿ ಇದೆಯೋ ಇಲ್ಲವೋ!"

ಅಂಗಡಿಯವನು ಅವನ ಮುಖವನ್ನು ದಿಟ್ಟಿಸಿ ನೋಡಿದ. ಪಾಪ, ಎರಡು ವರ್ಷದಿಂದ ಅವನ ಒಂದು ಅಂಗಿ ನಮ್ಮ ದರ್ಜಿಯ ಹತ್ತಿರವೇ ಇತ್ತು.

ಮನೆಗೆ ಬಂದಾಗ ಯಾರೂ ಇರಲಿಲ್ಲ. ಭರಣಿ ಕಪಾಟಿನ ಮೇಲೆ ಮಿರಮಿರ ಮಿಂಚುತ್ತಿತ್ತು, ಅದರ ಪಕ್ಕ ರಾಜಶಾಸನ. 'ಯಾವ ಕಾರಣಕ್ಕೂ ಹಿಂದಕ್ಕೆ ಪಡೆಯತಕ್ಕದ್ದಲ್ಲ.' ದರ್ಜಿ ರಟ್ಟನ್ನು ಗೋಡೆಯ ಕಡೆ ತಿರುಗಿಸಿದ. ಬೆಕ್ಕು ಕಣ್ಣು ಮುಚ್ಚಿ ಹಾಲಿಗೆ ಬಾಯಿ ಹಾಕಿದಂತೆ, ಕಣ್ಣು ಮುಚ್ಚಿ ಭರಣಿಯೊಳಗೆ ಕೈ ಹಾಕಿದ. ಒಂದು ಮುಷ್ಟಿ ಗುಂಡಿ ಬಾಚಿಕೊಂಡ. ಕೈ ಎಳೆದ.

ಕೈ ಬರಲಿಲ್ಲ.

ಇನ್ನೊಮ್ಮೆ ಎಳೆದ. ಭರಣಿಯೂ ಕೈಯ ಜೊತೆಗೇ ಬಂತು. ಅಷ್ಟರಲ್ಲಿ ಬೆನ್ನ ಹಿಂದೆ "ಪೀ...!" ಎಂದು ಸೀಟಿ ಮೊಳಗಿತು.

"ಹೋಲ್ಡಾನ್!" ಹೆಂಡತಿ ಬಾಗಿಲಲ್ಲಿ ನಿಂತಿದ್ದಳು. "ಇದೇನು ರೀ ಅವತಾರ?"

ದರ್ಜಿ ಕೈಯನ್ನು ಬೆನ್ನ ಹಿಂದೆ ಬಚ್ಚಿಟ್ಟ. ಆದರೆ ಒಂದಡಿ ಎತ್ತರದ ಭರಣಿಯನ್ನು ಬೆನ್ನ ಹಿಂದೆ ಬಚ್ಚಿಡುವುದು ಸುಲಭವಲ್ಲ. ಎಲ್ಲ ಒಪ್ಪಿಕೊಂಡ. ಹೆಂಡತಿ ನಗು ನುಂಗಿ, ಸೋಪು ಹಚ್ಚಿದಳು, ಎಣ್ಣೆ ಸುರಿದಳು, ಕಾಲು ಗೋಡೆಗೆ ಕೊಟ್ಟು ಎಳೆದಳು. "ಒಳಗೆ ಹೋಗಿ, ಒಳಗೆ ಹೋಗಿ... ಅಯ್ಯೋ ಅಲ್ಲ, ಹೊರಗೆ ಬನ್ನಿ!" ಎಂದಳು ಅಭ್ಯಾಸಬಲದಿಂದ ಬಾಯಿ ತಪ್ಪಿ. ಮೂರೂವರೆ ಹೊಡೆಯಿತು. ಭರಣಿ ಹಾಗೇ ಇತ್ತು, ಕೈ ಮಾತ್ರ ಘಮಘಮ ಎನ್ನುತ್ತಿತ್ತು.

ಆ ಹೊತ್ತಿಗೆ ಸೂಜಿ ಮೂವರು ಗೆಳತಿಯರೊಡನೆ ಒಳಗೆ ಬಂದಳು. ಅಪ್ಪನ ಕೈ ನೋಡಿದಳು, ಭರಣಿ ನೋಡಿದಳು, ಗೋಡೆಯ ಕಡೆ ತಿರುಗಿದ ರಟ್ಟು ನೋಡಿದಳು. ಅಂಗಡಿಯಲ್ಲಿ ಗುಂಡಿಯಿಲ್ಲದೆ ಬಾಯಿ ತೆರೆದು ನೇತಾಡುತ್ತಿದ್ದ ಐದು ಕೋಟುಗಳನ್ನೂ ನೋಡಿದಳು. ಅವಳ ಮುಖ ಬಿಳುಚಿತು. ಕಣ್ಣು ತುಂಬಿತು. ತಟ್ಟನೆ ತಿರುಗಿ ತನ್ನ ಕೋಣೆಯ ಬಾಗಿಲು ಹಿಡಿದಳು.

ದರ್ಜಿ ಕಣ್ಣು ಮುಚ್ಚಿದ. ಢಬ್ ಎನ್ನುವುದನ್ನು ಕಾದ. ತಪ್ಪು ತನ್ನದೇ. ಇಡೀ ಕ್ಲಾಸಿನ ಮುಂದೆ ಮಗು ತನ್ನ ಪರವಾಗಿ ಮಾತು ಕೊಟ್ಟಿತ್ತು. ತಾನು ಅದರ ಮಾನ ಕಳೆದಿದ್ದ.

ಢಬ್ ಎನ್ನಲಿಲ್ಲ. ಕಣ್ಣು ತೆರೆದರೆ, ಸೂಜಿ ಬಾಗಿಲಿನ ಹಿಡಿ ಹಿಡಿದುಕೊಂಡೇ ನಿಂತಿದ್ದಳು. ತುಟಿ ಅಲುಗುತ್ತಿತ್ತು. "...ಎಂಟು, ಒಂಬತ್ತು, ಹತ್ತು." ಬಾಗಿಲು ಬಿಟ್ಟು, ಕಣ್ಣೊರೆಸಿಕೊಂಡು, ಬಂದು ಅಪ್ಪನ ಎದುರು ಕೂತಳು.

"ಅಪ್ಪ. ಸಮಸ್ಯೆ ಏನು?"

"ಕೈ ಸಿಕ್ಕಿಕೊಂಡಿದೆಯಮ್ಮ."

"ದಾರಿ ಎಷ್ಟಿವೆ?"

"ಭರಣಿ ಒಡೀಬಹುದು. ಒಡೆದ್ರೆ ಗಾಜು ಚುಚ್ಚಿ ಹೊಲಿಯೋ ಕೈ ಹೋಗುತ್ತೆ. ಅಥವಾ ಭರಣಿ ಸಮೇತ ಬಾಳಬಹುದು."

"ಮೂರನೇದು?"

"ಮೂರನೇದು ಇಲ್ಲಮ್ಮ."

"ಮುಷ್ಟಿ ಬಿಡು ಅಪ್ಪ."

ದರ್ಜಿ ಮುಷ್ಟಿ ಬಿಟ್ಟ. ಗುಂಡಿಗಳು ಟಿಣಟಿಣ ಎಂದು ತಳ ಸೇರಿದವು. ಕೈ ಬೆಣ್ಣೆಯಲ್ಲಿ ಅದ್ದಿದ ಹಾಗೆ ಹೊರಗೆ ಬಂತು. ಸೂಜಿ ಭರಣಿಯನ್ನು ಮೇಜಿನ ಮೇಲೆ ಬೋರಲು ಹಾಕಿದಳು. ಮೂವತ್ತೂ ಗುಂಡಿಗಳು ಉರುಳಿ ಬಿದ್ದವು. ಒಂದೂವರೆ ಗಂಟೆಯಿಂದ ಸೋಪು, ಎಣ್ಣೆ ಎಂದು ಒದ್ದಾಡಿದ ಗಂಡ ಹೆಂಡತಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಕೊಟ್ಟ ಗುಂಡಿ ನೀನು ಹಿಂದಕ್ಕೆ ತಗೊಳ್ಳೋ ಹಾಗಿಲ್ಲ" ಎಂದಳು ಸೂಜಿ. "ಆದ್ರೆ ನಾನಾಗೇ ಕೊಡಬಾರದು ಅಂತ ಎಲ್ಲೂ ಬರೆದಿಲ್ಲ. ತಗೋ. ನನ್ನ ಆಸೆ ಮಾತ್ರ ಈಗ ಹೇಳ್ತೀನಿ. ನಾನು ಹಾಡೋವಾಗ ನೀನು ಮುಂದಿನ ಸಾಲಿನಲ್ಲಿ ಕೂತಿರಬೇಕು. ಹೋದ ವರ್ಷ ಬರ್ತೀನಿ ಬರ್ತೀನಿ ಅಂತ ಬರಲೇ ಇಲ್ಲ. ಖಾಲಿ ಕುರ್ಚಿ ನೋಡ್ಕೊಂಡು ಹಾಡಿದೆ."

ದರ್ಜಿ ಎಣ್ಣೆ ಕೈಯಲ್ಲೇ ಮಗಳ ತಲೆ ಸವರಿ, "ನಾಳೆ ಬರ್ತೀನಮ್ಮ" ಎಂದ.

ಐವರೂ ಅವನನ್ನೇ ನೋಡಿದರು.

"ಅಯ್ಯೋ, ಸ್ಪರ್ಧೆ ಇರೋದೇ ನಾಳೆ ತಾನೇ!" ಎಂದು ದರ್ಜಿ ಕಿರುಚಿದ. "ಜೀವನದಲ್ಲಿ ಒಂದ್ಸಲ ನಿಜವಾದ ನಾಳೆ ಹೇಳಿದ್ರೂ ನಂಬಲ್ವಲ್ಲ!"

ನಗು ಚಾವಣಿಗೆ ಮುಟ್ಟಿತು. ಆಮೇಲೆ ಆರು ಸೂಜಿಗಳು, ಆರು ದಾರಗಳು. ಹೆಂಡತಿ "ರೈಟ್, ರೈಟ್!" ಎನ್ನುತ್ತ ಎಲ್ಲರನ್ನೂ ಓಡಿಸಿದಳು. ಕೊನೆಯ ಕೋಟು ಸೂಜಿಯದು. ಅದನ್ನು ನಾನೇ ನೋಡ್ಕೋತೀನಿ ಎಂದು ಅವಳು ಕಸಿದುಕೊಂಡಳು. ಐದಕ್ಕೆ ಐದು ನಿಮಿಷ ಇರುವಾಗ ಇಪ್ಪತ್ತನಾಲ್ಕು ಕೋಟುಗಳು ಶಾಲೆಯ ಮೆಟ್ಟಿಲು ಹತ್ತಿದವು. ಹೆಡ್ ಮೇಡಂ ಗಡಿಯಾರ ನೋಡಿ, ದರ್ಜಿಯ ಮುಖ ನೋಡಿ, ಗಡಿಯಾರವನ್ನು ಕಿವಿಗೆ ಹಿಡಿದು ನೋಡಿದರು.

ಶನಿವಾರ ದರ್ಜಿ ಎಷ್ಟು ಬೇಗ ಹೋದನೆಂದರೆ, ಕುರ್ಚಿಗಳನ್ನು ಜೋಡಿಸಿದವನೇ ಅವನು. ಮುಂದಿನ ಸಾಲಿನ ನಡುವಿನಲ್ಲಿ ಹೆಂಡತಿಯ ಪಕ್ಕ ಕೂತ. ಇಪ್ಪತ್ತನಾಲ್ಕು ಕಾಲರುಗಳು ಒಂದೇ ಮಟ್ಟದಲ್ಲಿ ನಿಂತು ಹಾಡಿದವು. ಹಾಡು ಯಾವುದೆಂದು ಅವನಿಗೆ ಗೊತ್ತಾಗಲಿಲ್ಲ, ಕಣ್ಣೀರಿನಲ್ಲಿ ಕಿವಿಯೂ ಮಂಜಾಗಿತ್ತು. ಬಹುಮಾನ ಎರಡನೆಯದು ಬಂತು. ಅವನು ಮೊದಲನೆಯದಕ್ಕೆ ತಟ್ಟುವಷ್ಟು ಚಪ್ಪಾಳೆ ತಟ್ಟಿದ.

ಆಮೇಲೆ ಮನಸ್ಸಿನ ಟೀಚರ್ ವೇದಿಕೆಗೆ ಬಂದರು. "ಮಕ್ಕಳಿಗೆ ಒಂದು ಕೆಲಸ ಕೊಟ್ಟಿದ್ದೆ. ಮನೇಲಿ ಒಬ್ಬರ ಒಂದು ಅಭ್ಯಾಸ ಆರಿಸ್ಕೊಂಡು, ಬೈಯದೆ, ಜಗಳ ಆಡದೆ, ಬರೀ ಮೆಚ್ಚುಗೆಯಿಂದ ತಿದ್ದಬೇಕು ಅಂತ. ಎಲ್ಲಕ್ಕಿಂತ ಚೆನ್ನಾಗಿರೋ ನೋಟ್‌ಬುಕ್ಕಿಂದ ಸ್ವಲ್ಪ ಓದ್ತೀನಿ. ಯಾರು ಯಾರ ಬಗ್ಗೆ ಬರೆದಿದಾರೆ ಅಂತ ಮಾತ್ರ ಹೇಳಲ್ಲ."

"'ಮೊದಲನೇ ದಿನ. ಅವರು ನಾಳೆ ಎಂದದ್ದು ಮೂವತ್ತೊಂದು ಸಲ. ಕೆಲಸ ಬಿಟ್ಟು ಎದ್ದು ಹೋದದ್ದು ಹನ್ನೊಂದು ಸಲ.'"

ಸಭೆ ನಕ್ಕಿತು. ದರ್ಜಿಯೂ ನಕ್ಕ. "ಇಂಥೋರೂ ಇರ್ತಾರೆ ನೋಡು" ಎಂದ ಹೆಂಡತಿಗೆ.

"ಹೂಂ" ಎಂದಳು ಹೆಂಡತಿ ಚಾವಣಿ ನೋಡುತ್ತ.

"'ನಾಲ್ಕನೇ ದಿನ. ಹೊಗಳಿದರೆ ಇಪ್ಪತ್ತು ನಿಮಿಷ ಏಳುವುದಿಲ್ಲ. ಹೊಗಳಿ ಚಹಾ ಕೊಟ್ಟರೆ ಒಂದು ಗಂಟೆ.'"

"ಎಂಥಾ ಪೆದ್ದ ಇರಬೇಕು ಪಾಪ!" ದರ್ಜಿ ತೊಡೆ ತಟ್ಟಿಕೊಂಡು ನಕ್ಕ.

"'ಆರನೇ ದಿನ. ಅವರು ನನ್ನನ್ನು ತಾವು ತಿದ್ದುತ್ತಿದ್ದೇವೆ ಎಂದುಕೊಂಡಿದ್ದಾರೆ. ಹಾಗೇ ಇರಲಿ. ಅವರಿಗೆ ಗೊತ್ತಾಗದ ಹಾಗೆ ಮಾಡಬೇಕು, ಅದೇ ಇದರ ಗುಟ್ಟು.'"

ದರ್ಜಿಯ ನಗು ಅರ್ಧಕ್ಕೆ ನಿಂತಿತು. ಈ ಮಾತನ್ನು ಎಲ್ಲೋ ಕೇಳಿದಂತಿತ್ತಲ್ಲ?

"'ಕೊನೆಯ ದಿನ. ಅವರ ಕೈ ಭರಣಿಯಲ್ಲಿ ಸಿಕ್ಕಿಕೊಂಡಿತು.'"

ಇಡೀ ಸಭೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರೆ, ಮುಂದಿನ ಸಾಲಿನ ನಡುವಿನಲ್ಲಿ ಒಬ್ಬ ಮನುಷ್ಯ ಮಾತ್ರ ನೆಟ್ಟಗೆ ಎದ್ದು ನಿಂತ. (ಟೀಚರ್ ಹೆಸರು ಹೇಳದಿದ್ದರೇನು, ಹೀಗೆ ಎದ್ದು ನಿಂತು ತಾನೇ ಹೇಳಿದಂತಾಯಿತು.) ಬಾಯಿ ತೆರೆದ. ಎದುರಿಗೆ ಇಪ್ಪತ್ತನಾಲ್ಕು ನೀಲಿ ಕೋಟುಗಳು ಉಸಿರು ಹಿಡಿದು ಅವನನ್ನೇ ನೋಡಿದವು. ದರ್ಜಿ ಬಾಯಿ ಮುಚ್ಚಿದ. ಒಂದು, ಎರಡು, ಮೂರು... ಏಳಕ್ಕೆ ಬರುವಷ್ಟರಲ್ಲಿ ಟೀಚರ್ ಕೊನೆಯ ಸಾಲು ಓದುತ್ತಿದ್ದರು.

"'ಒಂದು ವಿಷಯ ಮೊದಲೇ ಗೊತ್ತಿರಲಿಲ್ಲ. ಅವರ ಕಾವಲಿಗೆ ಕೂತು ಕೂತು ನನ್ನ ಹೋಂವರ್ಕೂ ಮುಗಿಯುತ್ತಿತ್ತು. ನಾನೂ ಆಮೇಲೆ ಅನ್ನುವುದು ಕಡಿಮೆಯಾಗಿದೆ. ಬಾಗಿಲು ಹಾಕಿಲ್ಲ. ಅವರ ಶಭಾಷ್ ಕೇಳಿದರೆ ನಿಜವಾಗಿಯೂ ಖುಷಿಯಾಗುತ್ತದೆ. ಇನ್ನು ಮೇಲೆ ಯಾರಾದರೂ ನಮ್ಮಪ್ಪನನ್ನು ನಾಳೆಯಪ್ಪ ಅಂದರೆ ಸುಮ್ಮನಿರಲ್ಲ. ಅವರು ಇವತ್ತಪ್ಪ.'"

ಹತ್ತು. ದರ್ಜಿಗೆ ಕೋಪ ಎಲ್ಲಿ ಹೋಯಿತೆಂದು ಹುಡುಕಿದರೂ ಸಿಗಲಿಲ್ಲ. "ನಿನಗೆ ಮೊದಲೇ ಗೊತ್ತಿತ್ತಾ?" ಎಂದು ಹೆಂಡತಿಯನ್ನು ಕೇಳಿದ.

"ಆ ಚಹಾ ಎಲ್ಲ ಯಾರು ಕಾಸಿದ್ದು ಅಂದ್ಕೊಂಡ್ರಿ?"

ಸೂಜಿ ವೇದಿಕೆಯಿಂದ ಇಳಿದು ಬಂದಳು. ಅವಳ ಕೋಟಿನಲ್ಲಿ ಐದೇ ಗುಂಡಿ. ಆರನೆಯದನ್ನು ಜೇಬಿನಿಂದ ತೆಗೆದು ಅಪ್ಪನ ಅಂಗೈಯಲ್ಲಿಟ್ಟಳು. "ಮುಂದಿನ ಸಾಲಿನಲ್ಲಿ ಕೂತಿದ್ದಕ್ಕೆ. ಶಭಾಷ್ ಅಪ್ಪ."

ದರ್ಜಿ ಆ ಗುಂಡಿಯನ್ನು ನೋಡಿದ. ಪಕ್ಕದಲ್ಲಿ ಬಾಯಿ ಬಿಟ್ಟಿದ್ದ ಕಾಜಾವನ್ನೂ ನೋಡಿದ. ಅವನೊಳಗಿನ ದರ್ಜಿ ತಡೆದುಕೊಳ್ಳಲಿಲ್ಲ. "ಇದೇನೇ, ಗುಂಡಿ ಇಲ್ಲದ ಕೋಟು ಹಾಕ್ಕೊಂಡು ಹಾಡಿದ್ಯಾ? ನಿಲ್ಲು, ಹೊಲಿದುಬಿಡ್ತೀನಿ."

"ಪರವಾಗಿಲ್ಲ ಅಪ್ಪ. ನಾಳೆ ಹೊಲಿ."

"ನಾಳೆ ಯಾಕೆ? ಈಗಲೇ!" ಎಂದ ಇವತ್ತಪ್ಪ. ತನ್ನ ಕಾಲರಿನ ಹಿಂದೆ ಸದಾ ಚುಚ್ಚಿಕೊಂಡಿರುವ ಸೂಜಿ ತೆಗೆದ, ದಾರ ಪೋಣಿಸಿದ, ಸಭೆ ಪೂರ್ತಿ ಎದ್ದು ನೋಡುತ್ತಿರುವಂತೆ ನಾಲ್ಕೇ ಎಳೆತಕ್ಕೆ ಗುಂಡಿಯನ್ನು ಕೂರಿಸಿದ. ಯಾರೋ ಚಪ್ಪಾಳೆ ತಟ್ಟಿದರು. ಎಲ್ಲರೂ ತಟ್ಟಿದರು. ಜನ್ಮದಲ್ಲಿ ಇಷ್ಟು ಹೆಮ್ಮೆ ಪಟ್ಟಿರದ ನಮ್ಮ ದರ್ಜಿ, ಸೊಗಸಾಗಿ ಬಗ್ಗಿ, ದಾರವನ್ನು ಹಲ್ಲಿನಿಂದ ಪಟಕ್ಕನೆ ಕಡಿದ.

ಸೂಜಿ ಅಮ್ಮನ ಮುಖ ನೋಡಿದಳು. ಅಮ್ಮ ಹೌದೆಂಬಂತೆ ತಲೆಯಾಡಿಸಿದಳು. ಸೂಜಿ ಟೀಚರ ಕೈಯಿಂದ ತನ್ನ ನೋಟ್‌ಬುಕ್ ಇಸಿದುಕೊಂಡು, ಹೊಸ ಪುಟ ತೆರೆದು, ಪೆನ್ನಿನ ಮುಚ್ಚಳ ತೆಗೆದಳು.

"ಮೊದಲನೇ ದಿನ" ಎಂದು ಬರೆದಳು.